ಮನೆಯ ಸರ್ವರ್ ವಿಳಾಸಕ್ಕೆ ಇಬ್ಬರು ಹಕ್ಕುದಾರರು

ಒಂದೇ ಜಾಲದಲ್ಲಿರುವ ಎರಡು ಸಾಧನಗಳು ಒಂದೇ ಐಪಿ ವಿಳಾಸವನ್ನು ತಮ್ಮದೆಂದು ಹಿಡಿದುಕೊಂಡಾಗ ಆಗುವುದೇ ವಿಳಾಸ ಘರ್ಷಣೆ. ಅದು ಫೋನು, ಟಿವಿಗಳ ನಡುವೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವೈ-ಫೈ ಆರಿಸಿ ಮತ್ತೆ ಹಾಕಿದರೆ ಮುಗಿಯಿತು. ಸಿಕ್ಕಿಹಾಕಿಕೊಂಡದ್ದು ಮನೆಯ ಸರ್ವರ್ ಆದರೆ ಮಾತು ಬೇರೆ. ಫೋಟೊ ಅರ್ಧ ಏರಿ ನಿಲ್ಲುತ್ತದೆ. ಹಾಡು ಪಲ್ಲವಿ ದಾಟುವ ಮೊದಲೇ ಕಡಿಯುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಎಲ್ಲವೂ ನೆಟ್ಟಗಿರುತ್ತದೆ, ಸಂಜೆಗೆ ಮತ್ತೆ ಅದೇ ಪಾಡು. ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು, ಬಿಟ್ಟು ಬಿಟ್ಟು ಕೆಡುವುದನ್ನು ಹಿಡಿಯುವುದೇ ಕಷ್ಟ. ಹೀಗಾಗಿ ಹಾರ್ಡ್ ಡಿಸ್ಕ್ ಬದಲಾಗುತ್ತದೆ, ಕೇಬಲ್ ಬದಲಾಗುತ್ತದೆ, ಕಡೆಗೆ ಯಾರೋ ಹ್ಯಾಕ್ ಮಾಡಿದ್ದಾರೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಈ ತೊಂದರೆಗೆ ನೆಲ ಹದವಾಗಿಯೇ ಇದೆ. ದಪ್ಪ ಗೋಡೆಯ ಮನೆಗೆ ಒಂದು ರೂಟರ್ ಸಾಲದು, ಹಿಂದಿನ ಕೋಣೆಗೆ ಇನ್ನೊಂದು ಬೇಕು. ಮಹಡಿಯ ಪೋರ್ಷನ್ನು, ಹಿತ್ತಲಿನ ಔಟ್‌ಹೌಸು ಬಾಡಿಗೆಗೆ ಹೋಗಿರುತ್ತವೆ. ಫೈಬರ್ ಸಂಪರ್ಕ ಮಾತ್ರ ಒಂದೇ. ಕರೆಂಟು ಹೋಗಿ ಬರುವುದಂತೂ ಇದ್ದದ್ದೇ. ಇಂಥ ಮನೆಯಲ್ಲಿ ಸರ್ವರ್ ಎಂದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಇರಬಹುದು, ಎಸ್.ಪಿ. ರಸ್ತೆಯಲ್ಲಿ ಕೊಂಡ ಬಳಸಿದ ಡೆಸ್ಕ್‌ಟಾಪ್ ಇರಬಹುದು. ಕುಟುಂಬದ ಫೋಟೊಗಳು, ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಸಂಗೀತ ಕಚೇರಿಗಳು, ಗೇಟಿನ ಕ್ಯಾಮೆರಾದ ದಾಖಲೆ ಎಲ್ಲ ಅದರಲ್ಲಿ. ಫೋನು ಬೇರೆಯವರನ್ನು ಹುಡುಕಿಕೊಂಡು ಹೋಗುವ ಯಂತ್ರ, ಅದರ ವಿಳಾಸ ದಿನಕ್ಕೊಂದಾದರೂ ನಡೆಯುತ್ತದೆ. ಸರ್ವರನ್ನು ಬೇರೆಯವರು ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ಸ್ಥಿರವಾದ ವಿಳಾಸ ಬೇಕು, ತೊಡಕು ಶುರುವಾಗುವುದು ಅಲ್ಲೇ.

ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಐಪಿವಿ4 ವಿಳಾಸದ ಕ್ರಮ 1981ರಲ್ಲಿ ಗಟ್ಟಿಗೊಂಡದ್ದು. 32 ಬಿಟ್‌ಗಳ ಈ ಲೆಕ್ಕದಲ್ಲಿ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಅವು ಸಾಲುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. 1996ರ ಫೆಬ್ರುವರಿಯಲ್ಲಿ ಹೊರಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆ ಬಿಟ್ಟುಕೊಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. 8ನೇ ಕ್ರಾಸ್ ಮಲ್ಲೇಶ್ವರದಲ್ಲೂ ಇದೆ, ವಿಲ್ಸನ್ ಗಾರ್ಡನ್ನಿನಲ್ಲೂ ಇದೆ. ಬಡಾವಣೆಯೊಳಗೆ ಇರುವವರೆಗೆ ಗೊಂದಲವಿಲ್ಲ. 192.168.1.10 ಎಂಬುದೂ ಹಾಗೆಯೇ, ಊರಿನ ಲಕ್ಷ ಮನೆಗಳಲ್ಲಿದ್ದರೂ ಅಡ್ಡಿಯಿಲ್ಲ. ಒಂದೇ ಮನೆಯೊಳಗೆ ಎರಡು ಇರಬಾರದು, ಅಷ್ಟೆ.

ಇದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಐಪಿ ವಿಳಾಸದ ಕೆಳಗಿರುವ ಇನ್ನೊಂದು ವಿಳಾಸವನ್ನು ನೋಡಬೇಕು. ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ಗಳ ಮ್ಯಾಕ್ ವಿಳಾಸ ಇರುತ್ತದೆ. ಅದರ ಮೊದಲ ಅರ್ಧವನ್ನು ಐಟ್ರಿಪಲ್‌ಇ ಸಂಸ್ಥೆ ತಯಾರಕರಿಗೆ ಹಂಚುತ್ತದೆ, ಉಳಿದರ್ಧವನ್ನು ತಯಾರಕರು ತುಂಬುತ್ತಾರೆ. ಮನೆಯೊಳಗಿನ ತಂತಿಯಲ್ಲಾಗಲಿ ವೈ-ಫೈನಲ್ಲಾಗಲಿ ದತ್ತಾಂಶ ನಿಜವಾಗಿ ಸಾಗುವುದು ಈ ಮ್ಯಾಕ್ ವಿಳಾಸಕ್ಕೆ. ಯಾವ ಐಪಿಗೆ ಯಾವ ಮ್ಯಾಕ್ ಎಂದು ಕೇಳಿ ತಿಳಿಯುವ ಪದ್ಧತಿಯೇ ಆರ್ಪ್; 1982ರಲ್ಲಿ ಡೇವಿಡ್ ಪ್ಲಮರ್ ಬರೆದದ್ದು. ಲ್ಯಾಪ್‌ಟಾಪು ಇಡೀ ಜಾಲಕ್ಕೆ ಕೇಳಿಸುವಂತೆ ‘192.168.1.10 ಯಾರು?’ ಎನ್ನುತ್ತದೆ. ‘ನಾನು’ ಎಂದವರ ಮ್ಯಾಕನ್ನು ಗುರುತು ಹಾಕಿಕೊಂಡು ಕೆಲವು ಕಾಲ ಅದನ್ನೇ ನಂಬುತ್ತದೆ. ಆ ‘ನಾನು’ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ವ್ಯವಸ್ಥೆ ಆರ್ಪ್‌ನಲ್ಲಿ ಇಲ್ಲವೇ ಇಲ್ಲ. ಪರಸ್ಪರ ಪರಿಚಯವಿದ್ದ ಸಂಶೋಧಕರ ಕಾಲದ ಪದ್ಧತಿ ಅದು. ಇಬ್ಬರು ಉತ್ತರಿಸಿದರೆ ಸಾಮಾನ್ಯವಾಗಿ ಕೊನೆಗೆ ಬಂದ ಉತ್ತರವೇ ಉಳಿಯುತ್ತದೆ. ಆದ್ದರಿಂದಲೇ ಒಂದು ಫೋನಿಗೆ ಸರ್ವರ್ ಸಿಗುತ್ತದೆ, ಪಕ್ಕದ ಫೋನಿಗೆ ಸಿಗುವುದಿಲ್ಲ, ಐದು ನಿಮಿಷದ ಮೇಲೆ ಅದಲುಬದಲು.

ಐಪಿ ವಿಳಾಸ ಸಾಧನಕ್ಕೆ ಬರುವ ದಾರಿ ಎರಡು. ರೂಟರಿನಲ್ಲಿರುವ ಡಿಎಚ್‌ಸಿಪಿ ಎಂಬ ಹಂಚಿಕೆದಾರ ಗೊತ್ತಾದ ಅವಧಿಗೆ ಗೇಣಿ ಕೊಡುವುದು ಒಂದು. ಈಗಿನ ರೂಪದಲ್ಲಿ ಅದು 1997ರದು. ಸಾಧನದಲ್ಲೇ ಕೈಯಾರೆ ಬರೆದಿಡುವುದು ಇನ್ನೊಂದು, ಅದಕ್ಕೆ ಸ್ಟ್ಯಾಟಿಕ್ ಎನ್ನುತ್ತಾರೆ. ಮನೆಗಳಲ್ಲಿ ‘ಕದ್ದುಹೋದ’ ವಿಳಾಸಗಳ ಬಹುಪಾಲು ಕಳ್ಳರ ಕೆಲಸವಲ್ಲ. ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಹಂಚಿದ ಫಲ ಅವು: ರೂಟರಿಗೆ ತಿಳಿಸದೆ ಸರ್ವರಿನಲ್ಲಿ ಬರೆದಿಟ್ಟ ವಿಳಾಸ, ಅಥವಾ ಒಂದು ರೂಟರಿಗೆ ತಿಳಿಸದೆ ಇನ್ನೊಂದು ರೂಟರ್ ಕೊಟ್ಟ ವಿಳಾಸ.

ಮೊದಲ ಬಗೆಯದು ಹೀಗೆ ನಡೆಯುತ್ತದೆ. ರೂಟರ್ 192.168.1.2ರಿಂದ 254ರವರೆಗೆ ಎಲ್ಲವನ್ನೂ ಹಂಚಲು ಇಟ್ಟುಕೊಂಡಿದೆ. ಸರ್ವರಿನಲ್ಲಿ 192.168.1.10 ಎಂದು ಕೈಯಾರೆ ಬರೆದಿದೆ. ತಿಂಗಳುಗಟ್ಟಲೆ ಏನೂ ಆಗದಿರಬಹುದು, ಏಕೆಂದರೆ ಹಂಚಿಕೆಯ ಸರದಿ 10ಕ್ಕೆ ಬಂದಿರುವುದಿಲ್ಲ. ಹಬ್ಬಕ್ಕೆ ನೆಂಟರು ಬಂದ ದಿನ ಬರುತ್ತದೆ. ವಿಳಾಸ ಕೊಡುವ ಮೊದಲು ರೂಟರ್ ಪಿಂಗ್ ಮಾಡಿ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಬೇಕು ಎಂಬ ಸಲಹೆ ಡಿಎಚ್‌ಸಿಪಿಯ ನಿಯಮದಲ್ಲೇ ಇದೆ. ಆದರೆ ಅಗ್ಗದ ರೂಟರುಗಳೆಲ್ಲ ಅದನ್ನು ಪಾಲಿಸುತ್ತವೆ ಎನ್ನುವಂತಿಲ್ಲ. ಪಾಲಿಸಿದರೂ, ಭದ್ರತೆಗೆಂದು ಪಿಂಗ್‌ಗೆ ಉತ್ತರಿಸದಂತೆ ಕಟ್ಟಿಟ್ಟ ಸರ್ವರ್ ಆ ಹೊತ್ತಿನಲ್ಲಿ ಸುಮ್ಮನಿದ್ದು ತನ್ನ ಜಾಗ ತಾನೇ ಕಳೆದುಕೊಳ್ಳುತ್ತದೆ.

ಇದರ ಜೊತೆಗೆ ಬೆಸ್ಕಾಂ ಕರೆಂಟು ಹೋದರೆ ಕೈಯಾರೆ ಬರೆಯದ ಸರ್ವರಿಗೂ ಇದೇ ಗತಿ ಬರಬಹುದು. ಮುತುವರ್ಜಿಯ ಮನೆಯವರು ಸರ್ವರನ್ನೂ ಅದರ ಪಕ್ಕದ ಸ್ವಿಚ್ಚನ್ನೂ ಯುಪಿಎಸ್‌ಗೆ ಹಾಕಿರುತ್ತಾರೆ. ರೂಟರ್ ಮುಂದಿನ ಕೋಣೆಯಲ್ಲಿ, ಮಾಮೂಲಿ ಪ್ಲಗ್ಗಿನಲ್ಲಿ. ಕರೆಂಟು ಹೋದಾಗ ರೂಟರ್ ಆರಿ, ಬಂದಾಗ ಹೊಸದಾಗಿ ಹುಟ್ಟುತ್ತದೆ. ಗೇಣಿಯ ಪಟ್ಟಿಯನ್ನು ಶಾಶ್ವತ ಸ್ಮೃತಿಯಲ್ಲಿ ಬರೆದುಕೊಳ್ಳದ ರೂಟರುಗಳಿಗೆ ಹಿಂದೆ ಯಾರಿಗೆ ಏನು ಕೊಟ್ಟಿದ್ದೆವೆಂಬುದು ನೆನಪಿರುವುದಿಲ್ಲ. ಫೋನುಗಳು ವೈ-ಫೈ ಕಡಿದದ್ದನ್ನು ಕಂಡು ಮತ್ತೆ ವಿಳಾಸ ಕೇಳುತ್ತವೆ. ಸರ್ವರಿಗೆ ಕಡಿದದ್ದೇ ಗೊತ್ತಾಗುವುದಿಲ್ಲ, ಅದರ ತಂತಿ ಯುಪಿಎಸ್ ಮೇಲಿರುವ ಸ್ವಿಚ್ಚಿನಲ್ಲಿದೆ. ಗೇಣಿಯ ಅರ್ಧ ಅವಧಿ ಮುಗಿಯುವವರೆಗೆ ಅದು ನವೀಕರಣ ಕೇಳುವುದೂ ಇಲ್ಲ. ಈ ಸಂದಿನಲ್ಲಿ ಅದರ ವಿಳಾಸ ಬೇರೊಬ್ಬರ ಪಾಲಾಗುತ್ತದೆ. ಯುಪಿಎಸ್ ಹಾಕುವುದಾದರೆ ಮೊದಲು ರೂಟರಿಗೆ ಹಾಕಬೇಕು. ಈ ಒಂದು ಬದಲಾವಣೆಯಿಂದ ಎಷ್ಟೋ ಮನೆಗಳ ಗೋಳು ನಿಲ್ಲುತ್ತದೆ.

ಎರಡನೆಯ ಬಗೆಯೇ ಹಳೆಯ ಬಡಾವಣೆಗಳಲ್ಲಿ ಹೆಚ್ಚು. ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋದ ಡಬ್ಬವೂ ರೂಟರೇ, ವಿಳಾಸ ಹಂಚುವುದೂ ಅದೇ. ಮಹಡಿಯ ಬಾಡಿಗೆದಾರರು ಹಿಂದಿನ ಮನೆಯಿಂದ ತಂದ ತಮ್ಮ ರೂಟರನ್ನು ಕೆಳಗಿನಿಂದ ಬಂದ ಕೇಬಲ್ಲಿಗೆ ಸಿಕ್ಕಿಸುತ್ತಾರೆ. ಕೇಬಲ್ ಹೊರಗಿನ ಸಂಪರ್ಕಕ್ಕಿರುವ ವ್ಯಾನ್ ಕಿಂಡಿಗೆ ಹೋಗದೆ ಒಳಗಿನ ಸಾಧನಗಳಿಗಿರುವ ಲ್ಯಾನ್ ಕಿಂಡಿಗೆ ಹೋದರೆ ಒಂದೇ ಜಾಲಕ್ಕೆ ಇಬ್ಬರು ಹಂಚಿಕೆದಾರರಾದರು. ಹೊಸ ಸಾಧನ ವಿಳಾಸ ಕೇಳಿದಾಗ ಇಬ್ಬರೂ ಕೊಡಲು ಮುಂದೆ ಬರುತ್ತಾರೆ, ಮೊದಲು ಬಂದದ್ದನ್ನು ಅದು ತೆಗೆದುಕೊಳ್ಳುತ್ತದೆ. ಇಬ್ಬರ ಪಟ್ಟಿಯೂ ಬೇರೆ, ಹಂಚುವ ಅಂಕಿಗಳು ಮಾತ್ರ ಅವೇ. ಮೇಲಾಗಿ ಹಲವು ರೂಟರುಗಳ ಸ್ವಂತ ವಿಳಾಸವೂ ಕಾರ್ಖಾನೆಯಿಂದಲೇ 192.168.1.1 ಆಗಿರುತ್ತದೆ. ಆಗ ಹೊರಜಗತ್ತಿನ ಬಾಗಿಲಿಗೇ ಇಬ್ಬರು ಹಕ್ಕುದಾರರು. ಸರ್ವರ್ ಮಾತ್ರವಲ್ಲ, ಇಡೀ ಮನೆಯ ಇಂಟರ್ನೆಟ್ ಹೋಗಿ ಬಂದು ಮಾಡುತ್ತದೆ. ವ್ಯಾನ್ ಕಿಂಡಿಗೇ ಹಾಕಿದರೆ ಘರ್ಷಣೆ ತಪ್ಪುತ್ತದೆ, ಆದರೆ ಹೊರಗೂ ಒಳಗೂ 192.168.1 ಗುಂಪೇ ಇದ್ದರೆ ಯಾವುದು ಒಳಗಿನದು ಎಂಬುದು ಆ ರೂಟರಿಗೆ ತಿಳಿಯದು. ಹೊಸ ರೂಟರುಗಳಲ್ಲಿ ಕೆಲವು ಇದನ್ನು ಕಂಡು ತಾವೇ ಬೇರೆ ಗುಂಪಿಗೆ ಸರಿಯುತ್ತವೆ.

ಇನ್ನು ಕೆಲವು ಕಾರಣಗಳು ಅಪರೂಪ. ಒಂದು ರಾಸ್ಪ್‌ಬೆರಿ ಪೈನ ಎಸ್‌ಡಿ ಕಾರ್ಡನ್ನು ಹಾಗೆಯೇ ನಕಲು ಮಾಡಿ ಇನ್ನೊಂದಕ್ಕೆ ಹಾಕಿದರೆ ಅದರೊಳಗೆ ಬರೆದಿಟ್ಟ ವಿಳಾಸವೂ ನಕಲಾಗುತ್ತದೆ. ವರ್ಚುವಲ್ ಯಂತ್ರಗಳನ್ನು ನಕಲಿಸಿದಾಗ ಲಿನಕ್ಸಿನ ಯಂತ್ರ-ಗುರುತು ಸಂಖ್ಯೆಯೂ ಜೊತೆಗೆ ಬರುತ್ತದೆ. ಆ ಸಂಖ್ಯೆಯಿಂದಲೇ ವಿಳಾಸ ಕೇಳುವ ವ್ಯವಸ್ಥೆಗಳಲ್ಲಿ, ಮ್ಯಾಕ್ ಬೇರೆಯಾಗಿದ್ದರೂ ರೂಟರ್ ಇಬ್ಬರನ್ನೂ ಒಬ್ಬರೆಂದು ತಿಳಿದು ಒಂದೇ ವಿಳಾಸ ಕೊಡುತ್ತದೆ. ಸರ್ವರಿನಲ್ಲಿ ಡಾಕರ್ ಎಂಬ ತಂತ್ರಾಂಶ ಬಳಸುವವರು ಅದು ತನ್ನೊಳಗೆ ಮೊದಲು 172.17ರಿಂದ ಮುಂದಕ್ಕೆ, ಅವು ಮುಗಿದರೆ 192.168 ಗುಂಪಿನಿಂದ ಜಾಲಗಳನ್ನು ಕಟ್ಟಿಕೊಳ್ಳುತ್ತದೆ, ಅವು ಮನೆಯ ಜಾಲದ ಗುಂಪಿಗೇ ತಾಗಬಹುದು ಎಂಬುದನ್ನು ನೆನಪಿಡಬೇಕು. ಅಗ್ಗದ ಯುಎಸ್‌ಬಿ-ಈಥರ್ನೆಟ್ ಅಡಾಪ್ಟರುಗಳಲ್ಲಿ ಕೆಲವೊಮ್ಮೆ ಇಡೀ ಸರಕಿಗೇ ಒಂದೇ ಮ್ಯಾಕ್ ಅಚ್ಚಾಗಿರುವುದೂ ಉಂಟು. ಅಂಥ ಎರಡನ್ನು ಒಂದೇ ಮನೆಗೆ ತಂದರೆ ಐಪಿ ಬದಲಿಸಿ ಪ್ರಯೋಜನವಿಲ್ಲ, ಅಡಾಪ್ಟರನ್ನೇ ಬದಲಿಸಬೇಕು.

ಪತ್ತೆಯ ಕೆಲಸಕ್ಕೆ ಬೇಕಾದುದು ತಾಳ್ಮೆ ಮತ್ತು ಒಂದು ಲ್ಯಾಪ್‌ಟಾಪ್. ವಿಂಡೋಸ್ ಯಂತ್ರಕ್ಕೆ ಘರ್ಷಣೆಯಾದರೆ ಅದು ಪರದೆಯ ಮೇಲೆ ಎಚ್ಚರಿಕೆ ತೋರಿಸುತ್ತದೆ. ಮಾನಿಟರೇ ಇಲ್ಲದೆ ಮೂಲೆಯಲ್ಲಿ ಕೂತ ಸರ್ವರ್ ಎಚ್ಚರಿಸಿದರೂ ನೋಡುವವರಿಲ್ಲ. ಆದರೆ ಬೇರೆ ಸುಳಿವುಗಳು ಸಿಗುತ್ತವೆ. ಫೋಟೊಗಳ ಪುಟ ತೆರೆಯಲು ಹೋದರೆ ಯಾವುದೋ ಕ್ಯಾಮೆರಾದ ಲಾಗಿನ್ ಪುಟ ಬರುವುದು ಒಂದು. ಎಸ್‌ಎಸ್‌ಎಚ್ ಮೂಲಕ ಒಳಹೊಗುವಾಗ ಎದುರಿನ ಯಂತ್ರದ ಗುರುತಿನ ಕೀಲಿ ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಬರುವುದು ಇನ್ನೊಂದು. ಸರ್ವರನ್ನು ಹೊಸದಾಗಿ ಕಟ್ಟಿರದಿದ್ದರೆ ಆ ಎಚ್ಚರಿಕೆಯನ್ನು ಒರೆಸಿಹಾಕಿ ಮುಂದೆ ಹೋಗಬಾರದು. ಪಾಸ್‌ವರ್ಡನ್ನು ಬೇರೆ ಯಾರಿಗೋ ಕೊಟ್ಟಂತಾಗುತ್ತದೆ.

ಮೊದಲ ಪರೀಕ್ಷೆ ಸರಳ: ಸರ್ವರಿನ ಕೇಬಲ್ ಕಿತ್ತು, ಲ್ಯಾಪ್‌ಟಾಪಿನಿಂದ ಅದರ ವಿಳಾಸಕ್ಕೆ ಪಿಂಗ್ ಮಾಡುವುದು. ಉತ್ತರ ಬಂದರೆ ಇನ್ನೊಬ್ಬರು ಇದ್ದಾರೆ ಎಂದರ್ಥ. ಬಾರದಿದ್ದರೂ ಇಲ್ಲವೆನ್ನುವಂತಿಲ್ಲ, ಪಿಂಗ್‌ಗೆ ಬಾಯಿಬಿಡದ ಸಾಧನಗಳೂ ಇವೆ. ಲಿನಕ್ಸಿನ ಆರ್ಪಿಂಗ್ ಎಂಬ ಉಪಕರಣ ಮೇಲು, ಏಕೆಂದರೆ ಪಿಂಗನ್ನು ತಡೆದ ಸಾಧನವೂ ಆರ್ಪ್‌ಗೆ ಉತ್ತರಿಸಲೇಬೇಕು. ಬಳಿಕ ಲ್ಯಾಪ್‌ಟಾಪಿನ ಆರ್ಪ್ ಪಟ್ಟಿಯನ್ನು ತೆಗೆದು ಆ ಐಪಿಯ ಎದುರು ಯಾವ ಮ್ಯಾಕ್ ಇದೆ ಎಂದು ಬರೆದುಕೊಳ್ಳಬೇಕು. ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್ ಮೂರರಲ್ಲೂ ಸಾಮಾನ್ಯವಾಗಿ ‘ಆರ್ಪ್ -ಎ’ ಎಂಬ ಆದೇಶ ನಡೆಯುತ್ತದೆ. ಮ್ಯಾಕ್‌ನ ಮೊದಲ ಆರು ಅಂಕಿಗಳಿಂದ ತಯಾರಕರು ಯಾರೆಂದು ತಿಳಿಯುತ್ತದೆ: ಬಿ8-27-ಇಬಿ ಎಂದಿದ್ದರೆ ಅದು ರಾಸ್ಪ್‌ಬೆರಿ ಪೈ. ಎರಡನೆಯ ಅಂಕಿ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಆ ಮ್ಯಾಕ್ ಕಾರ್ಖಾನೆಯದಲ್ಲ, ಸಾಧನ ತಾನೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನುಗಳು ಹಿಂಬಾಲಿಸುವವರ ಕಣ್ಣು ತಪ್ಪಿಸಲು ಹೀಗೆ ಮಾಡುತ್ತವೆ. ಹಾಗಾಗಿ ಇಂಥ ಮ್ಯಾಕ್ ಸಿಕ್ಕರೆ ಮೊದಲು ಮನೆಯವರ, ಬಾಡಿಗೆದಾರರ ಫೋನುಗಳನ್ನೇ ನೋಡಬೇಕು. ಕಡೆಗೂ ಗುರುತು ಸಿಗದಿದ್ದರೆ ಒಂದೊಂದೇ ಸಾಧನ ಆಫ್ ಮಾಡುತ್ತ ಹೋಗುವ ಹಳೆಯ ಉಪಾಯ ಇದ್ದೇ ಇದೆ.

ಸಾಧನಗಳು ತಾವೇ ಘರ್ಷಣೆ ತಪ್ಪಿಸಿಕೊಳ್ಳುವ ಕ್ರಮವೂ ಇದೆ. 2008ರಲ್ಲಿ ಸ್ಟುವರ್ಟ್ ಚೆಷೈರ್ ಬರೆದ ಆರ್‌ಎಫ್‌ಸಿ 5227ರ ಪ್ರಕಾರ, ವಿಳಾಸ ಹಿಡಿಯುವ ಮೊದಲು ಸಾಧನ ಮೂರು ಬಾರಿ ‘ಇದು ಯಾರದಾದರೂ ಉಂಟೇ’ ಎಂದು ವಿಚಾರಿಸಬೇಕು. ಯಾರೂ ಉತ್ತರಿಸದಿದ್ದರೆ ಮಾತ್ರ ತನ್ನದೆಂದು ಸಾರಬೇಕು. ಎಲ್ಲ ಸಾಧನಗಳೂ ಇದನ್ನು ಪಾಲಿಸಿದ್ದರೆ ಈ ಅಂಕಣದ ಅಗತ್ಯವೇ ಬೀಳುತ್ತಿರಲಿಲ್ಲ.

ಪರಿಹಾರ ಪತ್ತೆಗಿಂತ ಸುಲಭ. ಮನೆಗೆ ಒಬ್ಬನೇ ಹಂಚಿಕೆದಾರ ಇರಬೇಕು. ಎರಡನೆಯ ರೂಟರಿನಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಬೇರೆಯಾಗಿ ಬದಲಿಸಿ, ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೆ ಕೇಬಲ್ ಹಾಕಿದರೆ ಅದು ಬರೀ ವೈ-ಫೈ ಕೊಡುವ ಪೆಟ್ಟಿಗೆಯಾಗುತ್ತದೆ. ಈಗಿನ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆಯೇ ಇರುತ್ತದೆ, ಅದನ್ನು ಒತ್ತಿದರೆ ಇದಿಷ್ಟೂ ತಾನಾಗಿ ಆಗುತ್ತದೆ. ಸರ್ವರಿಗೆ ಕೈಯಾರೆ ವಿಳಾಸ ಬರೆಯುವ ಬದಲು ರೂಟರಿನಲ್ಲಿ ಅದರ ಮ್ಯಾಕ್‌ಗೆ ವಿಳಾಸ ಕಾಯ್ದಿರಿಸುವುದು ಒಳ್ಳೆಯದು. ‘ಅಡ್ರೆಸ್ ರಿಸರ್ವೇಷನ್’ ಎಂಬ ಹೆಸರಿನಲ್ಲಿ ಅದು ಬಹುತೇಕ ರೂಟರುಗಳಲ್ಲಿ ಸಿಗುತ್ತದೆ. ಇದರಿಂದ ಹಂಚುವವನ ಪಟ್ಟಿಯಲ್ಲೇ ಸರ್ವರಿನ ಹೆಸರು ಸೇರುತ್ತದೆ, ಕರೆಂಟು ಹೋದರೂ ಅಳಿಯುವುದಿಲ್ಲ. ತಂತಿಗೂ ವೈ-ಫೈಗೂ ಬೇರೆ ಬೇರೆ ಮ್ಯಾಕ್ ಇರುವುದರಿಂದ ಯಾವುದನ್ನು ಬಳಸುತ್ತೇವೋ ಅದಕ್ಕೇ ಕಾಯ್ದಿರಿಸಬೇಕು. ಕೆಲವರಿಗೆ ಸ್ಟ್ಯಾಟಿಕ್ ಬಿಟ್ಟರೆ ಸಮಾಧಾನವಿಲ್ಲ. ಅವರು ರೂಟರಿನ ಹಂಚಿಕೆಯನ್ನು 100ರಿಂದ 200ಕ್ಕೆ ಇಳಿಸಿ, ಸರ್ವರ್, ಪ್ರಿಂಟರ್, ಕ್ಯಾಮೆರಾಗಳಿಗೆ 2ರಿಂದ 99ರೊಳಗೆ ವಿಳಾಸ ಕೊಟ್ಟರೆ ಸಾಕು. ಬದಲಾವಣೆ ಮಾಡಿದ ಮೇಲೆ ಎಲ್ಲ ಸಾಧನಗಳನ್ನೂ ಒಮ್ಮೆ ಆರಿಸಿ, ರೂಟರ್ ಮೊದಲು, ಸರ್ವರ್ ಆಮೇಲೆ, ಉಳಿದವು ಕೊನೆಗೆ ಹೊತ್ತಿಸಿದರೆ ಹಳೆಯ ಗುರುತುಗಳು ಅಳಿಯುತ್ತವೆ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಘರ್ಷಣೆ ಇನ್ನೊಂದು ವೇಷದಲ್ಲಿ ಬರುತ್ತದೆ. ಬಸವನಗುಡಿಯ ಸರ್ವರಿನ ಫೋಟೊಗಳನ್ನು ಕ್ಯಾಲಿಫೋರ್ನಿಯಾದಿಂದ ನೋಡಲು ವಿಪಿಎನ್ ಸುರಂಗ ಹಾಕಿರುತ್ತಾರೆ. ಎರಡೂ ಮನೆಗಳ ಜಾಲ 192.168.1 ಗುಂಪಿನದೇ ಆದರೆ ಮಗಳ ಲ್ಯಾಪ್‌ಟಾಪು 192.168.1.10 ಎಂದಾಗ ತನ್ನ ಮನೆಯೊಳಗೇ ಹುಡುಕುತ್ತದೆ, ಸುರಂಗದತ್ತ ತಿರುಗುವುದಿಲ್ಲ. ಒಂದು ಕಡೆಯ ಗುಂಪನ್ನು 192.168.47 ಎಂಬಂಥ ಯಾರೂ ಸುಲಭವಾಗಿ ಬಳಸದ ಅಂಕಿಗೆ ಬದಲಿಸುವುದೇ ದಾರಿ. ಸರ್ವರ್ ಇಡುವ ಮುಂಚೆಯೇ ಬದಲಿಸಿದರೆ ಹತ್ತು ನಿಮಿಷದ ಕೆಲಸ, ಆಮೇಲಾದರೆ ಒಂದು ಭಾನುವಾರ ಹೋಗುತ್ತದೆ.

ಹೊರಗಿನ ವಿಳಾಸದ ಕಥೆ ಬೇರೆ. ಜಗತ್ತಿನ ಕೇಂದ್ರ ಭಂಡಾರದ ಐಪಿವಿ4 ವಿಳಾಸಗಳು 2011ರ ಫೆಬ್ರುವರಿ 3ರಂದೇ ಹಂಚಿ ಮುಗಿದವು. ಆದ್ದರಿಂದ ಅನೇಕ ಕಂಪನಿಗಳು ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಸೇರಿಸಿ ಕೊಡುತ್ತವೆ, ಮನೆಯ ರೂಟರಿಗೆ 100.64ರಿಂದ 100.127ರೊಳಗಿನ ನಡುವಿನ ವಿಳಾಸ ಸಿಗುತ್ತದೆ. ರೂಟರಿನ ಪುಟದಲ್ಲಿ ಅಂಥದ್ದು ಕಂಡರೆ ಹೊರಗಿನ ಕೋರಿಕೆಗಳನ್ನು ಸರ್ವರಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಫಲವಿಲ್ಲ; ಬೇಕಾದವರು ಹಣ ಕೊಟ್ಟು ಬದಲಾಗದ ಸಾರ್ವಜನಿಕ ಐಪಿ ಪಡೆಯಬೇಕು. ಸ್ವಂತ ಸಾರ್ವಜನಿಕ ವಿಳಾಸ ಇದ್ದರೂ ಅದು ರೂಟರ್ ಆರಿ ಹೊತ್ತಿದಾಗ ಬದಲಾಗಬಹುದು, ಹಳೆಯದು ಬೇರೆ ಮನೆಗೆ ಹೋಗುತ್ತದೆ. ಬದಲಾಗುವ ವಿಳಾಸಕ್ಕೆ ಕಟ್ಟಿದ ಡೈನಮಿಕ್ ಡಿಎನ್‌ಎಸ್ ಹೆಸರು ನವೀಕರಣಗೊಳ್ಳುವವರೆಗೆ ಸರ್ವರಿಗೆ ಹೊರಟ ಕೋರಿಕೆಗಳು ಅಪರಿಚಿತರ ಬಾಗಿಲು ತಟ್ಟುತ್ತಿರುತ್ತವೆ. ಇದನ್ನು ಕಳ್ಳತನ ಎನ್ನಲಾಗದು.

ನಿಜವಾದ ಕಳ್ಳತನವೂ ಇಲ್ಲದಿಲ್ಲ. ಆರ್ಪ್ ಯಾರನ್ನೂ ಪರೀಕ್ಷಿಸುವುದಿಲ್ಲ ಎಂಬುದನ್ನೇ ಬಳಸಿ, ವೈ-ಫೈ ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ರೂಟರಿನ ಅಥವಾ ಸರ್ವರಿನ ವಿಳಾಸ ತನ್ನದೆಂದು ಪದೇ ಪದೇ ಸಾರಿ ದತ್ತಾಂಶವನ್ನು ತನ್ನತ್ತ ತಿರುಗಿಸಿಕೊಳ್ಳಬಹುದು. ಆರ್ಪ್ ಪಟ್ಟಿಯಲ್ಲಿ ರೂಟರಿನ ಎದುರೂ ಇನ್ನಾವುದೋ ಸಾಧನದ ಎದುರೂ ಒಂದೇ ಮ್ಯಾಕ್ ಕಂಡರೆ ಸಂಶಯಪಡಬೇಕು. ಆರ್ಪ್‌ವಾಚ್ ಎಂಬ ಪುಟ್ಟ ತಂತ್ರಾಂಶವನ್ನು ಸರ್ವರಿನಲ್ಲಿ ಇಟ್ಟರೆ ಐಪಿ-ಮ್ಯಾಕ್ ಜೋಡಿ ಬದಲಾದಾಗಲೆಲ್ಲ ಬರೆದಿಡುತ್ತದೆ. ಪಾಸ್‌ವರ್ಡ್ ಬದಲಿಸುವುದು, ಪಾಸ್‌ವರ್ಡಿಲ್ಲದೆ ಒಳಸೇರಿಸುವ ಡಬ್ಲ್ಯುಪಿಎಸ್ ಗುಂಡಿಯ ಸೌಲಭ್ಯ ನಿಲ್ಲಿಸುವುದು, ನೆಂಟರಿಗೂ ಬಾಡಿಗೆದಾರರಿಗೂ ಪ್ರತ್ಯೇಕ ಗೆಸ್ಟ್ ಜಾಲ ಕೊಡುವುದು ತಡೆಯ ಕ್ರಮಗಳು. ವಿಳಾಸ ಕದ್ದವರಿಗೆ ಒಳಗಿನದು ಓದಲು ಸಿಗದಿರಬೇಕಾದರೆ ಸರ್ವರಿನ ವ್ಯವಹಾರವೆಲ್ಲ ಎಚ್‌ಟಿಟಿಪಿಎಸ್, ಎಸ್‌ಎಸ್‌ಎಚ್‌ಗಳಲ್ಲೇ ನಡೆಯಬೇಕು. ಅನುಮತಿಯಿಲ್ಲದೆ ಬೇರೆಯವರ ಜಾಲಕ್ಕೆ ನುಗ್ಗಿ ಹೀಗೆ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಬರುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ವಿಳಾಸ ಯಾರದೆಂದು ತಪ್ಪಾಗಿ ತಿಳಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 2007ರಲ್ಲಿ ಇಲ್ಲಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು, ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಯ ಅವಹೇಳನಕಾರಿ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬಂಧಿಸಿದರು. ಆಧಾರ ಒಂದು ಐಪಿ ವಿಳಾಸ. ಆ ಹೊತ್ತಿನಲ್ಲಿ ವಿಳಾಸ ಆತನದಾಗಿರಲೇ ಇಲ್ಲ, ಸೇವಾ ಕಂಪನಿ ಕೊಟ್ಟ ಮಾಹಿತಿ ತಪ್ಪಾಗಿತ್ತು. ಅಷ್ಟರಲ್ಲಿ ಆತ ಯೆರವಡಾ ಜೈಲಿನಲ್ಲಿ 50 ದಿನ ಕಳೆದಾಗಿತ್ತು. ಮನೆಯ ವೈ-ಫೈಯನ್ನು ಕೇಳಿದವರಿಗೆಲ್ಲ ಕೊಡುವವರು, ಹೊರಗಿನ ದಾಖಲೆಯಲ್ಲಿ ಕಾಣುವುದು ಸಂಪರ್ಕ ಪಡೆದವರ ಹೆಸರೊಂದೇ ಎಂಬುದನ್ನು ಮರೆಯಬಾರದು.

ಐಪಿವಿ6 ಬಂದ ಮೇಲೆ ಇದೆಲ್ಲ ಹಗುರವಾಗಬೇಕು. 128 ಬಿಟ್‌ಗಳ ಆ ವಿಳಾಸಗಳಿಗೆ ಬರವಿಲ್ಲ. ನಕಲು ಇದೆಯೇ ಎಂದು ನೋಡಿಯೇ ವಿಳಾಸ ಹಿಡಿಯುವುದು ಅದರ ನಿಯಮದ ಭಾಗ. ಭಾರತ ಅದರ ಬಳಕೆಯಲ್ಲಿ ಮುಂಚೂಣಿಯ ದೇಶಗಳಲ್ಲೊಂದು. ಆದರೂ ಮನೆಯ ಕ್ಯಾಮೆರಾ, ಪ್ರಿಂಟರು, ಟಿವಿಗಳಲ್ಲಿ ಎಷ್ಟೋ ಇನ್ನೂ ಐಪಿವಿ4 ಬಿಟ್ಟು ಕದಲುವುದಿಲ್ಲ, ಹಾಗಾಗಿ ವಿಳಾಸ ಹಂಚಿಕೆಯ ಹಳೆಯ ಪಟ್ಟಿ ಇನ್ನೂ ಹಲವು ವರ್ಷ ಬೇಕು. ಆ ಪಟ್ಟಿ ರೂಟರಿನೊಳಗೆ ಇರುವುದರಿಂದ, ಕಂಪನಿಯವರು ಡಬ್ಬ ಬದಲಿಸಿದ ದಿನ ಕಾಯ್ದಿರಿಸಿದ ವಿಳಾಸಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ರಿಪೇರಿಯವರು ಬರುವ ಮುನ್ನ ಯಾವ ಸಾಧನ, ಯಾವ ಮ್ಯಾಕ್, ಯಾವ ಐಪಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.